ಬಲ್ಲಾಳರಾಯನ ದುರ್ಗಕ್ಕೆ ಕಾಲುದಾರಿಯೇ ಸಾಕು

ಗೊರೂರು ಅಣೆಕಟ್ಟೆಯ ನೀರು 2,922 ಅಡಿ ಮುಟ್ಟಿತೇ ಎಂಬುದು ಪ್ರತಿ ಮಳೆಗಾಲದಲ್ಲೂ ಹಾಸನ ಜಿಲ್ಲೆಯ ಮನೆಮನೆಯ ಮಾತು. ಅಷ್ಟು ತುಂಬಿದರೆ ಜಲಾಶಯದಲ್ಲಿ 37 ಟಿಎಂಸಿ ಅಡಿ ನೀರು, ರೈತನಿಗೆ ಒಂದು ವರ್ಷದ ಧೈರ್ಯ. ಹೊಳೆನರಸೀಪುರದ ಹೊಳೆ ಇದೇ ಹೇಮಾವತಿ. ಅರಕಲಗೂಡಿನ ಗದ್ದೆಗಳಿಗೂ ಚನ್ನರಾಯಪಟ್ಟಣದ ಕೆರೆಗಳಿಗೂ ನಾಲೆಯಲ್ಲಿ ಹರಿದು ಬರುವುದು ಇದೇ ನೀರು. ಬಾಗೂರು-ನವಿಲೆ ಸುರಂಗ ಹೊಕ್ಕು ತುಮಕೂರಿನ ಕಡೆಗೆ ಹೋಗುವುದೂ ಇದೇ. ಹೊಳೆಯ ಹಂಚಿಕೆಯ ಬಗ್ಗೆ ಇಷ್ಟು ಮಾತಾಡುವ ನಾವು ಅದರ ಹುಟ್ಟಿನ ಕಡೆಗೆ ತಿರುಗಿ ನೋಡುವುದು ಕಡಿಮೆ. ಮೂಡಿಗೆರೆ ತಾಲೂಕಿನ ಜಾವಳಿಯ ಕಡೆ, ಪಶ್ಚಿಮ ಘಟ್ಟದ ನೆತ್ತಿಯ ಮಗ್ಗುಲಲ್ಲಿ ಹೇಮಾವತಿ ಹುಟ್ಟುತ್ತಾಳೆ. ಆ ಸೀಮೆಗೆಲ್ಲ ತಲೆಯೆತ್ತಿ ನಿಂತದ್ದು ಬಲ್ಲಾಳರಾಯನ ದುರ್ಗ. ಸುಮಾರು 1,500 ಮೀಟರ್ ಎತ್ತರದ ಈ ಬೆಟ್ಟದ ಏಣಿನ ಮೇಲೆ ಹೊಯ್ಸಳರ ಕಾಲದ ಕಾವಲು ಕೋಟೆಯೊಂದು ಪಾಳುಬಿದ್ದಿದೆ. ದುರ್ಗದಹಳ್ಳಿಯಿಂದ ಅಲ್ಲಿಗೆ ಕಾಲುದಾರಿಯಿದೆ, ರಸ್ತೆಯಿಲ್ಲ. ರಸ್ತೆ ಇಲ್ಲದಿರುವುದನ್ನು ಕೊರತೆ ಎಂದು ಎಣಿಸುವವರು ಬಹಳ. ಅದು ಕೊರತೆಯಲ್ಲ, ಆ ಸ್ಮಾರಕದ ಜೀವಾಳ ಎಂಬುದು ನನ್ನ ವಾದ. ಕಾವಲು ಕೋಟೆಯಲ್ಲಿ ಕಲ್ಲು ಎಷ್ಟು ಮುಖ್ಯವೋ ಅದನ್ನು ಹತ್ತುವ ದಾರಿಯೂ ಅಲ್ಲಿಂದ ಕಾಣುವ ನೋಟವೂ ಅಷ್ಟೇ ಮುಖ್ಯ. ಕಲ್ಲನ್ನು ಉಳಿಸಿ ಉಳಿದೆರಡನ್ನು ಕಳೆದರೆ ನಾವು ಉಳಿಸಿದ್ದು ಕಾವಲು ಕೋಟೆಯಲ್ಲ, ಕಲ್ಲಿನ ರಾಶಿ.

ಇದನ್ನು ಬಯಲುಸೀಮೆಯ ಉದಾಹರಣೆಯಿಂದ ಶುರುಮಾಡುವುದು ಒಳ್ಳೆಯದು. ವಿಜಯಪುರದ ಉಪಲಿ ಬುರುಜು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಸುಮಾರು 80 ಅಡಿ ಎತ್ತರದ ದುಂಡನೆಯ ಕಟ್ಟಡ, ಹೊರಮೈಗೆ ಸುತ್ತಿಕೊಂಡು ಮೇಲೇರುವ ಕಲ್ಲಿನ ಮೆಟ್ಟಿಲು. ಸುತ್ತ ಗುಡ್ಡವಿಲ್ಲದ ನೆಲದಲ್ಲಿ ದೂರ ಕಾಣಬೇಕಾದರೆ ಎತ್ತರವನ್ನು ಕಲ್ಲಿನಲ್ಲೇ ಕಟ್ಟಬೇಕು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ನಿಂತಿರುವ ಹುಡೇವು ಎಂಬ ಕಾವಲು ಬುರುಜುಗಳದ್ದೂ ಇದೇ ಕತೆ. ಘಟ್ಟದ ನೆತ್ತಿಯಲ್ಲಿ ಈ ಖರ್ಚು ಬೇಕಿಲ್ಲ. ಅಲ್ಲಿ ಬೆಟ್ಟವೇ ಬುರುಜು, ಏಣಿನ ಮೇಲಿನ ಗೋಡೆ ಅದರ ತಲೆಗಟ್ಟು ಮಾತ್ರ. ಹಾಗಿದ್ದರೆ ದುರ್ಗದಹಳ್ಳಿಯಿಂದ ಏರುವ ಕಾಲುದಾರಿ ಏನು? ಅದು ಆ ಬುರುಜಿನ ಮೆಟ್ಟಿಲು. ಉಪಲಿ ಬುರುಜಿನ ಮೆಟ್ಟಿಲನ್ನು ಒಡೆದು ಲಿಫ್ಟು ಕೂರಿಸೋಣವೆಂದು ಯಾರಾದರೂ ಹೇಳಿದರೆ ಅದು ಸ್ಮಾರಕಕ್ಕೆ ಮಾಡುವ ಅಪಚಾರವೆಂದು ಎಲ್ಲರಿಗೂ ಥಟ್ಟನೆ ಅನ್ನಿಸುತ್ತದೆ. ಬೆಟ್ಟದ ವಿಷಯದಲ್ಲಿ ಹಾಗೆ ಅನ್ನಿಸದಿರುವುದಕ್ಕೆ ಒಂದೇ ಕಾರಣ: ಬೆಟ್ಟವನ್ನು ನಾವು ಕಟ್ಟಡದ ಭಾಗವೆಂದು ಎಣಿಸಿಲ್ಲ. ಕಟ್ಟಿದವನು ಎಣಿಸಿದ್ದ, ಅದಕ್ಕೇ ಆ ಜಾಗವನ್ನು ಆರಿಸಿದ್ದ.

ದಾರಿಯನ್ನೇ ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಕಾಲಭೈರವೇಶ್ವರನ ಗುಡಿಯ ಆಚೆ ಮೊದಲು ಸಿಗುವುದು ಕಾಡು. ಒದ್ದೆ ತರಗೆಲೆ, ಕಾಲಿಗೆ ತೊಡರುವ ಬೇರು, ಮಳೆಗಾಲವಾದರೆ ಇಂಬಳ. ಅಲ್ಲಿ ಹತ್ತು ಮಾರು ಮುಂದಿನದೂ ಕಾಣುವುದಿಲ್ಲ. ಆಮೇಲೆ ಮರಗಳು ಒಮ್ಮೆಗೇ ನಿಂತುಹೋಗಿ ಹುಲ್ಲಿನ ಬೋಳುಗುಡ್ಡ ಎದುರಾಗುತ್ತದೆ. ಬಾಗು ಬಾಗಿನ ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು, ಉಳಿದದ್ದೆಲ್ಲ ಮೊಣಕಾಲೆತ್ತರದ ಹುಲ್ಲು. ಅಲ್ಲಿಂದ ಮೇಲೆ ಹತ್ತುವವನಿಗೆ ಮರೆಯೆಂಬುದೇ ಇಲ್ಲ. ಅವನಿಗೆ ಗೋಡೆ ಇನ್ನೂ ಬೆಟ್ಟದ ಬಣ್ಣದಲ್ಲೇ ಬೆರೆತು ಕಾಣದಿರುವಾಗ, ಅವನ ಅಂಗಿಯ ಬಣ್ಣ ಗೋಡೆಯ ಬಳಿ ನಿಂತವನಿಗೆ ಕಂಡಿರುತ್ತದೆ. ಗುಂಪಿನಲ್ಲಿ ಎಷ್ಟು ಜನ, ತಲೆಯ ಮೇಲೆ ಹೊರೆಯಿದೆಯೋ ಕೈಯಲ್ಲಿ ಆಯುಧವಿದೆಯೋ ಎಂದು ನೋಡಿ, ಕೆಳಗೆ ಸುದ್ದಿ ಮುಟ್ಟಿಸಲು ಕಾವಲಿನವನಿಗೆ ಬೇಕಾದಷ್ಟು ಹೊತ್ತು. ಆ ಹೊತ್ತನ್ನು ಕೊಟ್ಟದ್ದು ಗೋಡೆಯಲ್ಲ, ಏರು ಮತ್ತು ಹುಲ್ಲು. ಒರಟು ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದ ಆ ಗೋಡೆ ಇವತ್ತು ಅಲ್ಲಲ್ಲಿ ಜರಿದಿದೆ, ಸಂದುಗಳಲ್ಲಿ ಹುಲ್ಲು ಬೆಳೆದಿದೆ. ಆದರೆ ಏರು ಹಾಗೇ ಇದೆ, ಹುಲ್ಲು ಹಾಗೇ ಇದೆ. ಕೋಟೆಯ ಅತ್ಯಂತ ಬಲವಾದ ಭಾಗ ಇನ್ನೂ ಕೆಡದೆ ಉಳಿದಿದೆ ಎಂದಾಯಿತು. ಜೀಪಿನಲ್ಲಿ ಕೂತು ಗೋಡೆಯ ಬುಡದಲ್ಲಿ ಇಳಿಯುವವನಿಗೆ ಈ ಭಾಗ ಕಾಣುವುದೇ ಇಲ್ಲ.

ಇಷ್ಟು ಎತ್ತರದಲ್ಲಿ ಕಾಯುವಂಥದ್ದು ಏನಿತ್ತು ಎಂಬ ಪ್ರಶ್ನೆಗೆ ಉತ್ತರ ಹಾಸನದ ಬಯಲಿನಲ್ಲೇ ಇದೆ. ಹೊಯ್ಸಳರು ಬೇಲೂರು, ಹಳೇಬೀಡಿನಲ್ಲಿ ಮೆರೆದರೂ ಬಂದದ್ದು ಬೆಟ್ಟದಿಂದ. ಅವರ ಮೂಲಸ್ಥಳ ಸೊಸೆವೂರು ಎಂದರೆ ಇಂದಿನ ಅಂಗಡಿ, ಅದೇ ಮೂಡಿಗೆರೆ ತಾಲೂಕಿನಲ್ಲಿದೆ. ಶಾಸನಗಳಲ್ಲಿ ಅವರು ಹೆಮ್ಮೆಯಿಂದ ಹೊತ್ತ ಬಿರುದು ಮಲೆಪರೊಳ್ಗಂಡ, ಮಲೆಯ ನಾಯಕರಲ್ಲೆಲ್ಲ ಶೂರ ಎಂದು. ಘಟ್ಟದ ಕೆಳಗೆ ಕರಾವಳಿಯ ಬಂದರುಗಳು, ಮೇಲೆ ಭತ್ತ ಬೆಳೆಯುವ ನಾಡು, ನಡುವೆ ಹೇರೆತ್ತುಗಳು ನಡೆಯುವ ಕಡಿದಾದ ದಾರಿಗಳು. ಕೆಳಗಿನಿಂದ ಉಪ್ಪು ಬರಬೇಕು, ಮೇಲಿನಿಂದ ಅಕ್ಕಿ, ಮೆಣಸು ಇಳಿಯಬೇಕು. ದುರ್ಗದ ಬುಡದ ಊರೊಂದಕ್ಕೆ ಸುಂಕಸಾಲೆ ಎಂಬ ಹೆಸರು ಉಳಿದಿರುವುದು ಸುಮ್ಮನೆ ಅಲ್ಲ. ಈ ದಾರಿಗಳು ನಿರ್ಭಯವಾಗಿದ್ದರೆ ಮಾತ್ರ ವರ್ತಕನ ಕೈಯಲ್ಲಿ ಹಣ, ವರ್ತಕನ ಕೈಯಲ್ಲಿ ಹಣವಿದ್ದರೆ ಊರಿನಲ್ಲಿ ಗುಡಿ. ಹಾಸನ ತಾಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು 1113ರ ಸುಮಾರಿಗೆ ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಪಟ್ಟಣದ ಶ್ರೀಮಂತರ ಹಣ ಸಂದಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾಡೆಲ್ಲ ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಆದರೆ ಮದನಿಕೆಯ ಬಳೆಯನ್ನು ಬಿಡಿಸುತ್ತ ಶಿಲ್ಪಿ ನೆಮ್ಮದಿಯಿಂದ ಕೂತಿದ್ದು ಎಲ್ಲೋ ಬೆಟ್ಟದ ತುದಿಯಲ್ಲಿ ಒಬ್ಬ ನಿದ್ದೆಗೆಟ್ಟು ನಿಂತಿದ್ದರಿಂದ. ಹೊಯ್ಸಳರ ನಾಡು ಇವೆರಡೂ ಸೇರಿದ್ದು. ಗುಡಿಗಳನ್ನು ಮಾತ್ರ ನೋಡಿದವನು ಅರ್ಧವನ್ನಷ್ಟೇ ನೋಡಿದ್ದಾನೆ.

ನೋಟ ಕಳೆದುಕೊಂಡ ಕಾವಲು ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಕೆಂಪೇಗೌಡರ ಕಾಲದ ನಾಲ್ಕು ಗಡಿಗೋಪುರಗಳೂ ಉಳಿದಿವೆ. ಲಾಲ್‌ಬಾಗಿನ ಬಂಡೆಯ ಮೇಲೊಂದು, ಕೆಂಪಾಂಬುಧಿ ಕೆರೆಯ ಬಳಿ ಒಂದು, ಹಲಸೂರಿನಲ್ಲೊಂದು, ಮೇಖ್ರಿ ವೃತ್ತದ ಹತ್ತಿರ ಒಂದು. ಕಲ್ಲಿಗೆ ಏನೂ ಆಗಿಲ್ಲ. ಆದರೆ ಅವುಗಳಿಂದ ಏನು ಕಾಣುತ್ತಿತ್ತು ಎಂದು ಇಂದು ಯಾರೂ ಅಲ್ಲಿ ನಿಂತು ತಿಳಿಯಲಾರರು. ನಗರ ಅವುಗಳ ಕಣ್ಣು ಕಟ್ಟಿದೆ. ಸಕಲೇಶಪುರದ ಮಂಜರಾಬಾದ್ ಕೋಟೆಯದ್ದು ಇನ್ನೊಂದು ಬಗೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಈ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಇತ್ತೀಚೆಗೆ ಮನೆಮಾತಾಗಿದ್ದು ಆಕಾಶದಿಂದ ತೆಗೆದ ಚಿತ್ರಗಳಿಂದ. ಆ ಚಿತ್ರ ನಿಜಕ್ಕೂ ಸುಂದರ. ಆದರೆ ಅದು ಹದ್ದಿನ ನೋಟ, ಕಾವಲಿನವನ ನೋಟವಲ್ಲ. ಮಂಗಳೂರಿನ ದಾರಿಯನ್ನು ಅಲ್ಲಿಂದ ಹೇಗೆ ಕಾಯಬಹುದಿತ್ತು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ. ನಮ್ಮ ಕಾನೂನಿನ ಕಣ್ಣೂ ಇಷ್ಟೇ ಹತ್ತಿರದ್ದು. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ ಎಂದು 2010ರ ತಿದ್ದುಪಡಿ ಹೇಳುತ್ತದೆ. ಗುಡಿಗೆ ಈ ಅಳತೆ ಸಾಕಾದೀತು. ಮೈಲಿಗಟ್ಟಲೆ ದೂರ ನೋಡಲೆಂದೇ ಹುಟ್ಟಿದ ಕೋಟೆಗೆ ಇದು ಯಾವ ಮೂಲೆಗೆ? ಬಲ್ಲಾಳರಾಯನ ದುರ್ಗದಲ್ಲಿ ನಿಂತರೆ ಪಶ್ಚಿಮಕ್ಕೆ ನೆಲ ಕುಸಿದು ಬೆಳ್ತಂಗಡಿಯ ಕಡೆಯ ತಗ್ಗುನಾಡು ತೆರೆದುಕೊಳ್ಳುತ್ತದೆ, ಪೂರ್ವಕ್ಕೆ ಮಲೆನಾಡಿನ ತೋಟಗಳ ಅಲೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಡಾಜೆ ಅರ್ಬಿಯಾಗಿ ಧುಮುಕಿ ನೇತ್ರಾವತಿಗೆ, ಇನ್ನೊಂದು ಮಗ್ಗುಲಿನದು ಹೇಮಾವತಿಗೆ. ಈ ಇಡೀ ನೋಟ ಇನ್ನೂ ತೆರೆದಿದೆ. ಬೆಂಗಳೂರಿನ ಗೋಪುರಗಳಿಗೆ ಇಲ್ಲದ ಭಾಗ್ಯ ಇದು.

ಹತ್ತಿ ಹೋದರೆ ನೋಡಲು ಏನಿದೆ, ನಾಲ್ಕು ಮುರುಕು ಗೋಡೆ ತಾನೇ ಎನ್ನುವವರಿದ್ದಾರೆ. ಆ ಕಾವಲಾದರೂ ಫಲಿಸಿತೇ, 1311ರಲ್ಲಿ ದೆಹಲಿಯ ಸೇನಾಪತಿ ಮಲಿಕ್ ಕಾಫರ್ ಹೊಯ್ಸಳರ ರಾಜಧಾನಿ ದೋರಸಮುದ್ರದ ಬಾಗಿಲಿಗೇ ಬಂದನಲ್ಲ ಎಂದು ಚರಿತ್ರೆ ಬಲ್ಲವರು ಕೇಳಬಹುದು. ಎರಡನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಮಲಿಕ್ ಕಾಫರ್ ಬಂದದ್ದು ದೇವಗಿರಿಯ ಕಡೆಯಿಂದ, ಬಯಲಿನ ದಾರಿಯಲ್ಲಿ. ಘಟ್ಟ ಹತ್ತಿ ಅಲ್ಲ. ಹೊಯ್ಸಳ ದೊರೆ ಮೂರನೆಯ ಬಲ್ಲಾಳ ಆಗ ತಮಿಳುನಾಡಿನ ಪಾಂಡ್ಯರ ಜಗಳದಲ್ಲಿ ತೊಡಗಿದ್ದ. ಕಾವಲು ಎಚ್ಚರಿಸಬಲ್ಲದು, ರಾಜಧಾನಿಯಲ್ಲಿ ಇಲ್ಲದ ಸೈನ್ಯವನ್ನು ಹುಟ್ಟಿಸಲಾರದು. ಇನ್ನು ಮುರುಕು ಗೋಡೆಯ ಮಾತು. ಬೇಲೂರಿನ ಗುಡಿ ತನ್ನ ಕಡೆಗೆ ನೋಡು ಎನ್ನುತ್ತದೆ, ದುರ್ಗ ತನ್ನಿಂದಾಚೆ ನೋಡು ಎನ್ನುತ್ತದೆ. ಗುಡಿಯನ್ನು ನೋಡುವ ಕಣ್ಣಿನಿಂದಲೇ ಕೋಟೆಯನ್ನು ನೋಡಿದವನಿಗೆ ಬೇಸರವಾಗುವುದು ಸಹಜ. ಅದಕ್ಕೆ ಪರಿಹಾರ ಗೋಡೆಗೆ ಸಿಮೆಂಟು ಮೆತ್ತುವುದಲ್ಲ, ಹತ್ತಿ ಬಂದವನಿಗೆ ಯಾವ ಕಡೆ ಏನಿದೆ ಎಂದು ಹೇಳುವುದು. ಹೀಗೆ ಹೇಳಿದಾಗ ಆ ನಾಲ್ಕು ಗೋಡೆಗೆ ಅರ್ಥ ಬರುತ್ತದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪಣೆ ಬೇರೆಯದು. ಕಾಲುದಾರಿ ಮಾತ್ರ ಇರಲಿ ಎನ್ನುವುದು ಗಟ್ಟಿ ಕಾಲಿರುವವರ ಮಾತು. ವಯಸ್ಸಾದವರು, ಅಂಗವಿಕಲರು, ಉಬ್ಬಸದವರು ಏನು ಮಾಡಬೇಕು? ಇದಕ್ಕೆ ಹಾರಿಕೆಯ ಉತ್ತರ ಸಲ್ಲದು. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟನ ಬಳಿಗೆ ವಿಂಧ್ಯಗಿರಿಯ ಬಂಡೆಯಲ್ಲಿ ಕೊರೆದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು. ಆಗದವರಿಗೆ ಡೋಲಿ ಉಂಟು. ಹೊರುವವರಿಗೆ ನ್ಯಾಯವಾದ ಕೂಲಿ ಸಿಕ್ಕರೆ ಅದು ಒಪ್ಪತಕ್ಕ ದಾರಿಯೇ. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ದೊಡ್ಡದೇವರಾಜ ಒಡೆಯರು 1664ರಲ್ಲಿ ಮಾಡಿಸಿದ ಸಾವಿರ ಮೆಟ್ಟಿಲುಗಳಿವೆ, ಜೊತೆಗೆ ವಾಹನದ ರಸ್ತೆಯೂ ಇದೆ; ಅಲ್ಲಿ ರೋಪ್‌ವೇ ಬೇಡವೆಂದು ಮೈಸೂರಿನ ಜನರೇ ದನಿಯೆತ್ತಿದರು. ದೇವರ ದರ್ಶನ ಎಲ್ಲರಿಗೂ ಸಿಗಬೇಕು, ಆದ್ದರಿಂದ ಅಂಥ ಬೆಟ್ಟಗಳಲ್ಲಿ ರಸ್ತೆಗೆ ಕಾರಣವಿದೆ. ದುರ್ಗದಲ್ಲಿ ಸಿಗುವುದು ನೋಟ. ಅಂಥದೇ ನೋಟ ದುರ್ಗದ ಬಳಿಯ ರಾಣಿಝರಿಯ ಅಂಚಿನಿಂದಲೂ ಸಿಗುತ್ತದೆ, ಅದರ ಹತ್ತಿರದವರೆಗೆ ವಾಹನ ಹೋಗುತ್ತದೆ. ಅಲ್ಲಿ ಗಾಲಿಕುರ್ಚಿ ಹೋಗುವಂಥ ಹಾಸು, ಹಿಡಿದುಕೊಳ್ಳಲು ಕಂಬಿ, ಕೂರಲು ಜಾಗ ಮಾಡಿಕೊಟ್ಟರೆ ನಡೆಯಲಾಗದವರಿಗೆ ನಾಡಿನ ಈ ಅಂಚು ದಕ್ಕುತ್ತದೆ. ಇಷ್ಟಾದರೂ ಕೊನೆಯ ಏರು ಕೆಲವರಿಗೆ ಸಿಗದು ಎಂಬುದನ್ನು ಒಪ್ಪುತ್ತೇನೆ. ಒಂದು ಜಾಗವನ್ನು ಎಲ್ಲರಿಗೂ ತಲುಪಿಸಹೊರಟು, ತಲುಪಿದವರು ನೋಡಬೇಕಾದದ್ದನ್ನೇ ಕೆಡಿಸಿದರೆ ಅದು ಯಾರಿಗೂ ಸಿಕ್ಕಂತಾಗುವುದಿಲ್ಲ.

ಕೆಡುತ್ತದೆ ಎನ್ನುವುದು ಊಹೆಯಲ್ಲ. 2019ರ ಆಗಸ್ಟ್ ಮಳೆಯಲ್ಲಿ ಇದೇ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಹೋದವು, ಚಾರ್ಮಾಡಿ ಘಾಟಿಯ ರಸ್ತೆ ತಿಂಗಳುಗಟ್ಟಲೆ ಮುಚ್ಚಿತು. 2021ರಲ್ಲಿ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ರಸ್ತೆ ಕುಸಿಯಿತು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯ ಬಳಿ ಮಣ್ಣು ಜಾರಿ ಬೆಂಗಳೂರು-ಮಂಗಳೂರು ಹೆದ್ದಾರಿ ನಿಂತಿತು. ಬೆಟ್ಟದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ನೀರು ಸಹಜವಾಗಿ ಇಳಿಯುವ ದಾರಿ ಕಟ್ಟಿಹೋಗುತ್ತದೆ. ದುರ್ಗದ ಹುಲ್ಲು ಮತ್ತು ಶೋಲಾ ಕಾಡು ಮಾಡುವ ಕೆಲಸ ಇದಕ್ಕೆ ತದ್ವಿರುದ್ಧ. ಮಳೆಗಾಲದಲ್ಲಿ ಸುರಿದದ್ದನ್ನು ಹೀರಿಟ್ಟುಕೊಂಡು ಬೇಸಿಗೆಯವರೆಗೆ ಅಷ್ಟಷ್ಟೇ ಬಿಡುತ್ತವೆ, ಗಂಜಿ ಬಸಿದ ಅನ್ನದ ಮೇಲೆ ಮುಚ್ಚಿದ ಒದ್ದೆ ಬಟ್ಟೆಯಂತೆ ನೆಲದ ತಂಪನ್ನು ಕಾಯುತ್ತವೆ. ಹೊಳೆನರಸೀಪುರದ ಸೇತುವೆಯ ಕೆಳಗೆ ಏಪ್ರಿಲ್‌ನಲ್ಲಿ ಹರಿಯುವ ನೀರಿಗೂ ಈ ಹುಲ್ಲಿಗೂ ನಂಟಿದೆ. ಬೆಟ್ಟದ ಮೇಲಿನ ರಸ್ತೆ ಮೂಡಿಗೆರೆಯ ವಿಷಯ, ನಮಗೇನು ಎಂದು ಹಾಸನದವರು ಸುಮ್ಮನಿರುವಂತಿಲ್ಲ.

ನಡೆಯುವವರೂ ಕೆಡಿಸುವುದಿಲ್ಲವೇ ಎಂದರೆ, ಕೆಡಿಸುತ್ತಾರೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಚಿತ್ರಗಳನ್ನು ನಾಡೆಲ್ಲ ನೋಡಿತು. ಸರ್ಕಾರ ಚಾರಣಕ್ಕೆ ತಡೆಹಾಕಿ, ಆಮೇಲೆ ಆನ್‌ಲೈನ್‌ನಲ್ಲಿ ಮುಂಗಡ ಕಾದಿರಿಸುವ ಏರ್ಪಾಡು ತಂದಿತು. ಅದು ಸರಿಯಾದ ಹೆಜ್ಜೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ, ಬೇಸಿಗೆಯ ಕಿಚ್ಚಿನ ಕಾಲದಲ್ಲಿ ಮತ್ತು ಜೋರು ಮಳೆಯಲ್ಲಿ ಬಿಡುವು, ಪ್ಲಾಸ್ಟಿಕ್ಕಿಗೆ ತಡೆ, ಇವೆಲ್ಲ ಇಲ್ಲಿಗೂ ಬೇಕು. ಹಾಗಾದರೆ ಪೂರ್ತಿ ಮುಚ್ಚಿಬಿಡಬಹುದಲ್ಲ ಎಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಜನ ಕಾಣದ ಜಾಗಕ್ಕೆ ಜನ ದನಿಯೆತ್ತುವುದಿಲ್ಲ. ಯಾರಿಗೂ ಗೊತ್ತಿಲ್ಲದ ಬೆಟ್ಟದ ಕಡತಕ್ಕೆ ಸಹಿ ಬೀಳುವುದು ಸುಲಭ. ಊರಿನ ಆದಾಯದ ಲೆಕ್ಕವೂ ಕಾಲುದಾರಿಯ ಪರವಾಗಿಯೇ ಇದೆ. ನಡೆಯುವವನು ಹಿಂದಿನ ರಾತ್ರಿ ಊರಿನಲ್ಲಿ ತಂಗಬೇಕು, ಬೆಳಿಗ್ಗೆ ಕಡುಬೋ ಅಕ್ಕಿರೊಟ್ಟಿಯೋ ತಿನ್ನಬೇಕು, ದಾರಿ ತೋರಿಸುವವನನ್ನು ಕರೆದುಕೊಂಡು ಹೋಗಬೇಕು. ತುದಿಯವರೆಗೆ ಕಾರು ಹೋದರೆ ಅವನು ಬಂದಷ್ಟೇ ಬೇಗ ಹೊರಟುಹೋಗುತ್ತಾನೆ, ಹಣ ಪೇಟೆಯ ಹೋಟೆಲಿಗೆ ಹೋಗುತ್ತದೆ, ಕಸ ಬೆಟ್ಟದಲ್ಲಿ ಉಳಿಯುತ್ತದೆ.

ಕೋಟೆಯೆಂದರೆ ರಾಜರ ಅಹಂಕಾರ, ಅದಕ್ಕೇಕೆ ಇಷ್ಟು ಗೌರವ ಎನ್ನುವವರಿಗೂ ಒಂದು ಮಾತು. ಕಲ್ಲು ಹೊತ್ತವನು ರಾಜನಲ್ಲ. ಆಷಾಢದ ಗಾಳಿಯಲ್ಲಿ, ಮುಂದಿನದು ಕಾಣದ ಮಂಜಿನಲ್ಲಿ, ಕಂಬಳಿ ಹೊದ್ದು ಆ ಏಣಿನ ಮೇಲೆ ಕೂತವನೂ ರಾಜನಲ್ಲ. ಅವರ ಹೆಸರನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಅವರು ಬಿಟ್ಟುಹೋದ ದಾಖಲೆ ಆ ಗೋಡೆ ಮತ್ತು ಆ ಏರು. ಒಂದು ಕಲ್ಲನ್ನು ಅಷ್ಟೆತ್ತರಕ್ಕೆ ಸಾಗಿಸುವುದೆಂದರೆ ಏನೆಂದು ಮೊಣಕಾಲು ನೋಯಿಸಿಕೊಂಡು ಹತ್ತಿದವನಿಗೆ ಅರ್ಥವಾದಷ್ಟು ಬೇರೆಯವರಿಗೆ ಆಗದು. ಅವರನ್ನು ನೆನೆಯುವ ದಾರಿ ಕಾಲುದಾರಿಯೇ. ಆದ್ದರಿಂದ ಕೇಳುವುದು ಇಷ್ಟು. ದುರ್ಗದಹಳ್ಳಿಯಿಂದ ಹತ್ತುವ ದಾರಿಯನ್ನು ಕೋಟೆಯ ಭಾಗವೆಂದು ದಾಖಲಿಸಲಿ, ಕೊರಕಲು ಬಿದ್ದ ಕಡೆ ಕಲ್ಲು ಕೂರಿಸಿ ದುರಸ್ತಿ ಮಾಡಲಿ. ಜರಿಯುತ್ತಿರುವ ಗೋಡೆಗೆ ಆಸರೆ ಕೊಡಲಿ, ಹೊಸದಾಗಿ ಕಟ್ಟುವುದು ಬೇಡ. ಎರಡೂ ಮಗ್ಗುಲಿನ ನೋಟಕ್ಕೆ ಅಡ್ಡ ಬರುವ ರೆಸಾರ್ಟು, ಕಂಬ, ರಸ್ತೆಗಳಿಗೆ ಅನುಮತಿ ಕೊಡುವ ಮುನ್ನ ಮೂಡಿಗೆರೆಯ ಜನರ ಜೊತೆಗೆ ಕೆಳಗಿನ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದವರ ಮಾತನ್ನೂ ಕೇಳಲಿ. ನಾಲೆಯ ಕೊನೆಯ ರೈತನಿಗೆ ನೀರಿನ ಹಂಚಿಕೆಯಲ್ಲಿ ಇರುವ ಹಕ್ಕೇ ಆ ನೀರು ಹುಟ್ಟುವ ಬೆಟ್ಟದ ಬಗ್ಗೆಯೂ ಇದೆ, ಹೊಣೆಯೂ ಅಷ್ಟೇ ಇದೆ. ಆ ಬೆಟ್ಟವನ್ನು ಕಾಯುವ ಸರದಿ ಈಗ ನಮ್ಮದು.